ಎರಡು ಗುಂಜಿ ಮದ್ದು

ಮದುವೆಯಾಗಿ ಆರು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ನಾನು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಬಂದೂಕೊಂದಕ್ಕೆ ಎಣ್ಣೆ ಒರೆಸುತ್ತಿದ್ದೆ. ಅಪ್ಪ ಬಂದು ಅದನ್ನು ನನ್ನ ಕೈಯಿಂದ ಇಸಿದುಕೊಂಡು ನನ್ನ ಗಂಡನ ಕೈಗೆ ಕೊಟ್ಟ.

"ಇನ್ನ ಮ್ಯಾಲ ಗುಂಡು ಹಾರಸೂ ಕೆಲಸ ನಿಮ್ಮದು, ಅಳಿಯಂದಿರ."

ನಾನು ಎದ್ದು ಒಳಗೆ ಹೋಗಿ ಜೋಳದ ಹಿಟ್ಟು ನಾದಿದೆ. ಅಂದು ಎಷ್ಟು ನಾದಿದೆನೆಂದರೆ ರೊಟ್ಟಿ ಬಡಿಯುವ ಹೊತ್ತಿಗೆ ಮೊಣಕೈ ನೋಯುತ್ತಿತ್ತು.

ನಮ್ಮದು ಹುಮನಾಬಾದ್ ಕಡೆಯ ಕಮ್ಮಾರರ ಮನೆತನ. ಅಜ್ಜ ಹೈದರಾಬಾದಿಗೆ ಬಂದು ಒಬ್ಬ ಜಾಗೀರದಾರರ ಬಂದೂಕಿನ ಕೋಣೆ ನೋಡಿಕೊಂಡಿದ್ದ. ಜಾಗೀರುಗಳು ಹೋದ ಮೇಲೆ ಅಪ್ಪ ಲೈಸೆನ್ಸ್ ಮಾಡಿಸಿಕೊಂಡು ಕಾಚಿಗುಡದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿ ಅಂಗಡಿ ಇಟ್ಟ. ನನ್ನ ಮದುವೆಯ ಹೊತ್ತಿಗೆ ಆಂಧ್ರಪ್ರದೇಶವಾಗಿ ಏಳೆಂಟು ವರ್ಷವಾಗಿತ್ತು. ಗುಂಟೂರು, ಕರ್ನೂಲು ಕಡೆಯ ಕಚೇರಿ ನೌಕರರು ನಮ್ಮ ಓಣಿಯಲ್ಲಿ ಬಾಡಿಗೆ ಮನೆ ಹುಡುಕುತ್ತ ತಿರುಗುತ್ತಿದ್ದರು. ಅಪ್ಪ ಗಿರಾಕಿಗಳ ಜೊತೆ ಉರ್ದು, ಓಣಿಯವರ ಜೊತೆ ತೆಲುಗು, ನನ್ನ ಜೊತೆ ಕನ್ನಡ ಮಾತಾಡುತ್ತಿದ್ದ. ಅವ್ವ ನನಗೆ ಹತ್ತು ವರ್ಷವಿದ್ದಾಗಲೇ ತೀರಿಹೋಗಿದ್ದಳು. ಶಾಲೆ ಮುಗಿಸಿ ಬಂದವಳು ಅಪ್ಪನ ಹತ್ತಿರವೇ ಕೂರುತ್ತಿದ್ದೆ. ಹಾಗೆ ಕೂತು ಕೂತು ಕಲಿತೆ.

ಅಪ್ಪನಿಗೆ ಹೆಸರಿದ್ದದ್ದು ಒಂದು ಕೆಲಸಕ್ಕೆ. ದುನಾಲಿ ರೈಫಲ್ಲು, ಅಂದರೆ ಎರಡು ನಳಿಗೆ ಪಕ್ಕಪಕ್ಕ ಬೆಸೆದಿರುವ ದೊಡ್ಡ ಬೇಟೆ ಬಂದೂಕು, ಅದರ ಎರಡೂ ಗುಂಡು ಒಂದೇ ಕಡೆ ಹೋಗುವಂತೆ ಕೂಡಿಸುವುದು. ಇಡೀ ಊರಲ್ಲಿ ಅದನ್ನು ಬಲ್ಲವನು ಅವನೊಬ್ಬನೇ ಎಂದು ನಾನು ನಂಬಿದ್ದೆ.

"ನೋಡಿದವರಿಗೆ ಎರಡೂ ನಳಿಗಿ ನೆಟ್ಟಗ ಅದಾವ ಅನಸ್ತೈತಿ," ಎಂದು ಅಪ್ಪ ಹೇಳುತ್ತಿದ್ದ. "ಇಲ್ಲ. ಮೂತಿ ಹತ್ರ ಒಂದರ ಕಡೆ ಒಂದು ವಾಲ್ಯಾವ. ಬಲಗಡೆ ನಳಿಗಿ ಹಾರಿಸಿದ್ರ ಬಂದೂಕು ಬಲಕ್ಕ ಒದೀತೈತಿ. ಗುಂಡು ಇನ್ನೂ ಒಳಗ ಇರತೈತಿ, ಅಷ್ಟರಾಗನ ಒದೀತೈತಿ. ಎಡಗಡೆದು ಎಡಕ್ಕ. ಅದಕ್ಕ ಮದಲ ಒಳಗ ತಿರುಗಿಸಿ ಇಡಬೇಕು."

ಎಷ್ಟು ತಿರುಗಿಸಬೇಕು ಎಂಬುದಕ್ಕೆ ಲೆಕ್ಕದ ಪುಸ್ತಕವಿಲ್ಲ. ಹಾರಿಸಿ ನೋಡಬೇಕು. ಎರಡು ನಳಿಗೆಯ ಮೂತಿಗಳ ನಡುವೆ ಉಕ್ಕಿನ ಸಣ್ಣ ಬೆಣೆ ಇರುತ್ತದೆ. ಬೆಸುಗೆ ಕರಗಿಸಿ, ಬೆಣೆಯನ್ನು ಕೂದಲೆಳೆಯಷ್ಟು ಅರದಿಂದ ಉಜ್ಜಿ, ಮತ್ತೆ ಬೆಸೆದು, ತಣ್ಣಗಾದ ಮೇಲೆ ಹಾರಿಸಬೇಕು. ಐವತ್ತು ಗಜಕ್ಕೆ ಒಮ್ಮೆ, ನೂರು ಗಜಕ್ಕೆ ಒಮ್ಮೆ. ಎರಡೂ ಗುಂಡು ಒಂದೇ ತೂತಿನಲ್ಲಿ ಬಿದ್ದರೆ ಗಿರಾಕಿ ಹಿಗ್ಗುತ್ತಾನೆ, ಅಪ್ಪ ಮುಖ ಸಿಂಡರಿಸುತ್ತಿದ್ದ. ಇಲ್ಲಿ ಕೂಡಿದ ಗುಂಡುಗಳು ಮುಂದೆ ಒಂದನ್ನೊಂದು ದಾಟಿ ಹೋಗುತ್ತವೆ, ದೂರದಲ್ಲಿ ಬಲಗಡೆಯದು ಎಡಕ್ಕೆ ಬೀಳುತ್ತದೆ. "ಜೋಡೆತ್ತು ನಡದಂಗ ನಡೀಬೇಕು. ಎಷ್ಟು ದೂರ ಹೋದ್ರೂ ನಡುವಿನ ಅಂತರ ಅಷ್ಟ ಇರಬೇಕು," ಎನ್ನುತ್ತಿದ್ದ. ಅದಾದ ಮೇಲೆ ನಳಿಗೆಯ ಹಿಂಬದಿಯ, ಗುರಿ ಹಿಡಿಯುವ ಪತ್ತಿಗಳು. ಹತ್ತಿರಕ್ಕೊಂದು, ದೂರಕ್ಕೊಂದು, ಮಡಚಿ ಎಬ್ಬಿಸುವ ಚಿಕ್ಕ ಚಿಕ್ಕ ಉಕ್ಕಿನ ಎಲೆಗಳು. ದೂರ ಹೋದಂತೆ ಗುಂಡು ಕೆಳಗಿಳಿಯುವುದರಿಂದ ಪ್ರತಿ ದೂರಕ್ಕೂ ಒಂದೊಂದರ ಎತ್ತರ ಬೇರೆ.

ಇದೆಲ್ಲ ನನಗೆ ಬರುತ್ತಿತ್ತು. ಕಾಡತೂಸಿಗೆ ಮದ್ದು ತೂಗುವುದು ನನ್ನದೇ ಕೆಲಸವಾಗಿತ್ತು. ಚಿನಿವಾರರ ಚಿಕ್ಕ ತಕ್ಕಡಿಯಲ್ಲಿ, ಒಂದು ಗುಲಗಂಜಿ ಕಾಳಿಗೆ ಒಂದು ಗುಂಜಿಯ ಲೆಕ್ಕದಲ್ಲಿ, ಫ್ಯಾನ್ ನಿಲ್ಲಿಸಿ, ಉಸಿರು ಬಿಗಿಹಿಡಿದು ತೂಗುತ್ತಿದ್ದೆ. ವಿಲಾಯತಿ ಕಾಡತೂಸು ಬರುವುದು ನಿಂತು ಹೋಗಿತ್ತು. ಸಿಕ್ಕ ಮದ್ದಿನಿಂದ ನಾವೇ ತುಂಬಬೇಕಿತ್ತು, ಆ ಮದ್ದಿಗೆ ತಕ್ಕಂತೆ ಬಂದೂಕನ್ನೂ ಮತ್ತೆ ಕೂಡಿಸಬೇಕಿತ್ತು. ನನಗೆ ಬಾರದಿದ್ದದ್ದು ಹಾರಿಸುವುದೊಂದೇ. ಅದನ್ನು ಅಪ್ಪನೇ ಮಾಡುತ್ತಿದ್ದ. ಅವನ ಕಣ್ಣಿಗೆ ಪೊರೆ ಬರತೊಡಗಿದಾಗ, ಇನ್ನು ಹಾರಿಸಲು ನನ್ನನ್ನು ನಿಲ್ಲಿಸುತ್ತಾನೆ ಎಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ನೀರು ತುಂಬಿದ ಕೊಡ ಹೆಗಲಿಗಿಟ್ಟು ಹೆಗಲು ಗಟ್ಟಿ ಮಾಡಿಕೊಳ್ಳುತ್ತಿದ್ದೆ.

ನಮ್ಮ ಮನೆಯವರು ನನ್ನ ಸೋದರತ್ತೆಯ ಮಗ. ಲಿಂಗಂಪಲ್ಲಿ ಕಡೆ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತ್ತು. ಅಪ್ಪ ಒಬ್ಬನೇ ಆಗುತ್ತಾನೆಂದು ಮದುವೆಯಾದ ಮೇಲೂ ನಾವು ಕಾಚಿಗುಡದಲ್ಲೇ ಉಳಿದೆವು. ದಪ್ಪ ಮೈ, ಮೆತ್ತಗಿನ ಮಾತು, ಕೆಟ್ಟದ್ದೆಂಬುದು ಗೊತ್ತಿಲ್ಲದ ಮನುಷ್ಯ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಪ್ಪ ಇವರಿಗೆ ಕಲಿಸತೊಡಗಿದ. ನನಗೆ ಯಾವತ್ತೂ ಕೂರಿಸಿ ಕಲಿಸಿದವನಲ್ಲ. ನಾನು ಕದ್ದು ಕೇಳಿ, ಕದ್ದು ನೋಡಿ ಹತ್ತು ವರ್ಷದಲ್ಲಿ ಕೂಡಿಸಿಕೊಂಡದ್ದನ್ನು ಇವರಿಗೆ ಹತ್ತು ಸಂಜೆಯಲ್ಲಿ ಕೊಟ್ಟುಬಿಟ್ಟ. ಕಾಯಿಸಿದ ತಾಮ್ರದ ಸಲಾಕಿಯನ್ನು ನಳಿಗೆಯೊಳಗೆ ತೂರಿಸಿ ಬೆಸುಗೆ ಕರಗಿಸುವಾಗ ಎಷ್ಟು ಎಣಿಸಬೇಕು, ಯಾವ ಬಣ್ಣಕ್ಕೆ ನಿಲ್ಲಿಸಬೇಕು, ಎಲ್ಲ. ಇವರು ಅಡಿಗೆಮನೆಗೆ ಬಂದು ನನ್ನ ಮುಂದೆ ಕುಳಿತು ಅದನ್ನೇ ಹೇಳುತ್ತಿದ್ದರು.

"ಮಾವಾರು ಇವತ್ತ ಒಂದು ಮಾತು ಹೇಳಿದ್ರು ನೋಡು. ಒಂದು ಬಂದೂಕನ್ನ ಮದಲಿಂದ ಕಡೀತನ ಒಬ್ಬನ ಹಾರಿಸಬೇಕಂತ. ಹೆಗಲು ಬದಲಾದ್ರ ಗುಂಡಿನ ದಾರಿನೂ ಬದಲಾಗತೈತಂತ. ನಿನಗ ಗೊತ್ತಿತ್ತೇನು?"

ನನಗೆ ಗೊತ್ತಿರಲಿಲ್ಲ. "ಹೂಂ, ಗೊತ್ತಿತ್ತು," ಅಂದೆ. ನನ್ನಪ್ಪನ ಮಾತು ನನಗೆ ಬೇರೆಯವರ ಬಾಯಿಂದ ಬರುತ್ತಿತ್ತು. ಊಟಕ್ಕೆ ಕೂತಾಗಲೂ ಅವರಿಬ್ಬರದೇ ಮಾತು. ಮೊದಲ ಬಿಸಿ ರೊಟ್ಟಿ ಅಪ್ಪ ಇವರ ತಾಟಿಗೆ ಹಾಕಿಸುತ್ತಿದ್ದ. ಆ ರೊಟ್ಟಿ ನಾನೇ ಬಡಿದದ್ದು, ನಾನೇ ಹಾಕಬೇಕಿತ್ತು.

ಆ ಬೇಸಿಗೆಯಲ್ಲಿ ಒಬ್ಬ ನಿವೃತ್ತ ಅರಣ್ಯಾಧಿಕಾರಿ ತಮ್ಮ ದುನಾಲಿ ತಂದರು. ಕೆಂಪು ಮುಖದ, ಎತ್ತರದ, ದಪ್ಪ ಮೈಯ ಸಾಹೇಬರು. ಆದಿಲಾಬಾದಿನ ಕಾಡಿನಲ್ಲಿ ಒಂದು ಹುಲಿ ಮನುಷ್ಯರ ಮೇಲೆ ಬೀಳುತ್ತಿತ್ತಂತೆ. ಅದನ್ನು ಹೊಡೆಯಲು ಸರ್ಕಾರ ಅವರನ್ನು ಕೇಳಿಕೊಂಡಿತ್ತು. ಹಳೆಯ ವಿಲಾಯತಿ ಕಾಡತೂಸು ಮುಗಿದಿದ್ದವು. ಹೊಸ ಮದ್ದಿಗೆ ಬಂದೂಕು ಕೂಡಿಸಿಕೊಡಿ ಅಂದರು.

ಅವರಿಗೆ ಮಾದಾಪುರದಲ್ಲಿ ದ್ರಾಕ್ಷಿ ತೋಟವಿತ್ತು. ಈಗಿನವರಿಗೆ ಮಾದಾಪುರವೆಂದರೆ ಗಾಜಿನ ಆಫೀಸುಗಳು. ಆಗ ಅಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು, ಸೀತಾಫಲದ ಕುರುಚಲು, ದಾರಿ ಸಹ ಸರಿಯಾಗಿಲ್ಲ. ತೋಟದ ಹಿಂದೆ ದೊಡ್ಡ ಬಂಡೆಯ ಬುಡಕ್ಕೆ ಮಣ್ಣು ಪೇರಿಸಿ ಗುರಿ ಹಲಗೆ ನಿಲ್ಲಿಸಿದ್ದರು. ಸಾಹೇಬರ ಜೀಪಿನಲ್ಲಿ ನಾವು ಮೂವರೂ ಹೋದೆವು. ಅಪ್ಪನ ಕಣ್ಣಿಗೆ ತೂತು ಕಾಣುತ್ತಿರಲಿಲ್ಲವಾದ್ದರಿಂದ ಗುರಿ ಕಾಗದ ಓದುವುದು ನನ್ನ ಪಾಲು. ಬಲಗಡೆ ನಳಿಗೆಯ ತೂತಿಗೆ ಕೆಂಪು ಸೀಸಕಡ್ಡಿ, ಎಡಗಡೆಯದಕ್ಕೆ ನೀಲಿ.

ಇವರು ಮರದ ಕಂಬಕ್ಕೆ ಒರಗಿ ನಿಂತು ಹಾರಿಸಿದರು. ಬಂಡೆಗಳ ನಡುವೆ ಸದ್ದು ಉರುಳಾಡಿತು. ನಾನು ಓಡಿಹೋಗಿ ನೋಡಿದೆ. ನೂರು ಗಜಕ್ಕೆ ಕೆಂಪಿಗೂ ನೀಲಿಗೂ ನಡುವೆ ಬರೀ ನಾಲ್ಕು ಬೆರಳು. ಹೊಸಬರ ಮೊದಲ ದಿನಕ್ಕೆ ಅದು ದೊಡ್ಡ ಸಾಧನೆ. ಬೆಣೆಯನ್ನು ಇನ್ನೊಂದು ಕೂದಲೆಳೆ ಉಜ್ಜಿದರೆ ಮುಗಿಯಿತು.

"ಕ್ಯಾ ಬಾತ್ ಹೈ ಉಸ್ತಾದ್! ದಾಮಾದ್ ತೋ ಹೀರಾ ನಿಕ್ಲಾ," ಅಂದರು ಸಾಹೇಬರು. ಅಳಿಯ ವಜ್ರವಂತೆ. ಅಪ್ಪ ಇವರ ಹೆಗಲ ಮೇಲೆ ಕೈಯಿಟ್ಟು ನಕ್ಕ. ಅವ್ವ ಸತ್ತ ಮೇಲೆ ಅಪ್ಪ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಗುರಿ ಕಾಗದ ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಮುಂದಿನ ವಾರದ ಕಾಡತೂಸು ತುಂಬಲು ಕೂತಾಗ, ಪ್ರತಿಯೊಂದಕ್ಕೂ ಎರಡು ಗುಂಜಿ ಮದ್ದು ಕಡಿಮೆ ಹಾಕಿದೆ.

ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೆಚ್ಚು ಹಾಕಿದರೆ ಹಾರಿಸಿದವರ ಜೀವಕ್ಕೇ ಅಪಾಯ, ಅಷ್ಟು ಕೆಟ್ಟವಳಾಗಿರಲಿಲ್ಲ. ಇಷ್ಟೇ ಇಷ್ಟು ಕಡಿಮೆಯಾದರೆ ಗುಂಡು ನಿಧಾನ. ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಒದೆತಕ್ಕೆ ಮೂತಿ ಹೆಚ್ಚು ಪಕ್ಕಕ್ಕೆ ಹೋಗಿರುತ್ತದೆ. ಬಲಗಡೆಯದು ಬಲಕ್ಕೆ, ಎಡಗಡೆಯದು ಎಡಕ್ಕೆ ಅಗಲುತ್ತವೆ. ಒಂದೇ ಒಂದು ಭಾನುವಾರ ವಜ್ರದಲ್ಲಿ ಬಿರುಕು ಕಾಣಲಿ ಅಂದುಕೊಂಡೆ. ಅಷ್ಟೇ.

ಕಂಡಿತು. ಎರಡನೆಯ ಭಾನುವಾರ ಕೆಂಪು ನೀಲಿಗಳ ನಡುವೆ ಒಂದು ಗೇಣಿಗಿಂತ ಹೆಚ್ಚು ಅಂತರ. ಇವರು ಬೆವರು ಒರೆಸಿಕೊಂಡು, "ನಂದ ತಪ್ಪು, ಮಾವಾರ. ಸಡಿಲ ಹಿಡದೆ," ಅಂದರು. ಮತ್ತೆ ಬಿಗಿಯಾಗಿ ಹಿಡಿದು ಹಾರಿಸಿದರು. ಅಷ್ಟೇ ಅಗಲ. ಮತ್ತೆ. ಅಷ್ಟೇ. ಅಪ್ಪ ಬಂದೂಕಿನ ಮೂತಿಯನ್ನು ಬೆರಳಿಂದ ಸವರುತ್ತ ಕುಳಿತ.

"ಅಲ್ಲ ಬಿಡ್ರಿ, ನಂದ. ಕಣ್ಣು ಕಾಣೂದಿಲ್ಲ, ಬೆಣಿ ತಪ್ಪಿಸೇನಿ," ಅಂದ.

ನಾನೆಣಿಸಿದ್ದು ಇವರು ಬೈಸಿಕೊಳ್ಳಲಿ ಎಂದು. ಅಪ್ಪ ತನ್ನನ್ನೇ ಬೈದುಕೊಂಡ. ಅಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಆ ವಾರ ಮತ್ತೆ ಬೆಸುಗೆ ಕರಗಿಸಿ, ಅಗಲಿದ ಗುಂಡುಗಳನ್ನು ಹತ್ತಿರ ತರಲು ಬೆಣೆಯನ್ನು ಇನ್ನೂ ತೆಳ್ಳಗೆ ಉಜ್ಜಿದರು. ಆಗ ಗೊತ್ತಾಯಿತು ನಾನು ಎಂಥದರಲ್ಲಿ ಸಿಕ್ಕಿಬಿದ್ದಿದ್ದೇನೆಂದು. ಈಗ ಸರಿಯಾದ ತೂಕದ ಮದ್ದು ಹಾಕಿದರೆ ಗುಂಡುಗಳು ಒಂದನ್ನೊಂದು ದಾಟಿ ಬೀಳುತ್ತವೆ, ಅಪ್ಪನಿಗೆ ತಲೆ ಕೆಡುತ್ತದೆ. ಹಾಗಾಗಿ ಮೂರನೆಯ ಭಾನುವಾರಕ್ಕೂ ಎರಡು ಗುಂಜಿ ಕಡಿಮೆ ತುಂಬಿದೆ. ನಾಲ್ಕನೆಯದಕ್ಕೂ.

ಅಷ್ಟು ದೊಡ್ಡ ಬಂದೂಕು ವಾರವಾರವೂ ಒದ್ದು ಒದ್ದು ಇವರ ಬಲಹೆಗಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಭಾನುವಾರ ಸಂಜೆ ನಾನು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದೆ.

"ನೀ ಇಲ್ಲಂದ್ರ ನಾ ಸೋಮವಾರ ಕಾರ್ಖಾನಿಗೆ ಹೋಗೂದ ಆಗತಿದ್ದಿಲ್ಲ," ಅಂದರು ಒಮ್ಮೆ. ನಾನು ಗಂಟನ್ನು ಇನ್ನಷ್ಟು ಒತ್ತಿದೆ. ಅಯ್ಯೋ ಎಂದರು. ಆ ಕ್ಷಣದಲ್ಲೂ ನನಗೆ ಪಾಪವೆನಿಸಿದ್ದಕ್ಕಿಂತ ಹೊಟ್ಟೆಕಿಚ್ಚಾದದ್ದೇ ಹೆಚ್ಚು. ಆ ಕಲೆ ನನ್ನ ಹೆಗಲ ಮೇಲಿರಬೇಕಿತ್ತು.

ನಾಲ್ಕನೆಯ ಭಾನುವಾರ ಬಂದೂಕು ಕೂಡಿತು. ಐವತ್ತು ಗಜಕ್ಕೂ ನೂರು ಗಜಕ್ಕೂ ಕೆಂಪು ನೀಲಿ ಎರಡೇ ಬೆರಳಿನ ಅಂತರದಲ್ಲಿ ಪಕ್ಕಪಕ್ಕ ಕುಳಿತಿದ್ದವು. ನನ್ನ ಸುಳ್ಳಿಗೆ ಸರಿಯಾಗಿ ಕೂಡಿತ್ತು. ಅಪ್ಪ ಕಾಗದವನ್ನು ನನ್ನಿಂದ ಇಸಿದುಕೊಂಡು ತೂತುಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದ. ಸಾಹೇಬರು ಮುಂದಿನ ಶುಕ್ರವಾರ ಆದಿಲಾಬಾದಿಗೆ ಹೊರಡುವವರಿದ್ದರು. ಅಷ್ಟರೊಳಗೆ ಕಾಡತೂಸು ಬೇಕಿತ್ತು.

ಜೀಪು ಹತ್ತುವಾಗ ಅಪ್ಪ ಇವರಿಗೆ ಹೇಳಿದ, "ಶಿಕಾರಿ ಕಾಡತೂಸು ಈ ಸಲ ನೀವ ತುಂಬ್ರಿ. ತೂಕ ಚೀಟಿಯೊಳಗ ಬರದೇನಿ. ಬಂದೂಕು ಕೂಡಿಸಿದವರ ಕೈಲೆ ತುಂಬಿದ್ರ ಚಲೋ."

ಚೀಟಿಯಲ್ಲಿದ್ದದ್ದು ಸರಿಯಾದ ತೂಕ. ಬಂದೂಕು ಕೂಡಿದ್ದು ನನ್ನ ತೂಕಕ್ಕೆ. ಇವರು ಚೀಟಿಯಂತೆ ತುಂಬಿಕೊಟ್ಟರೆ ಗುಂಡುಗಳು ಅಡ್ಡಹಾಯ್ದು ಎಲ್ಲಿಗೋ ಹೋಗುತ್ತವೆ. ಸಾಹೇಬರ ಮುಂದೆ ಇರುವುದು ಕಾಗದವಲ್ಲ, ಮನುಷ್ಯರನ್ನು ತಿಂದ ಹುಲಿ. ಸೋಮವಾರ, ಮಂಗಳವಾರ ನನಗೆ ಅನ್ನ ಸೇರಲಿಲ್ಲ. ಬುಧವಾರ ಮಧ್ಯಾಹ್ನ ಇವರು ಕಾರ್ಖಾನೆಗೆ ಹೋಗಿದ್ದಾಗ ಅಂಗಡಿಗೆ ಹೋಗಿ ಅಪ್ಪನ ಎದುರು ಕೂತೆ.

"ಅಪ್ಪಾ, ಮದ್ದು ಕಡಿಮಿ ತೂಗೇನಿ."

ಅಪ್ಪನ ಕೈಯಲ್ಲಿದ್ದ ಅರ ನಿಂತಿತು. "ಯಾವಾಗ?"

"ಎರಡನೇ ಐತವಾರದಿಂದ. ಎಲ್ಲಾದಕ್ಕೂ."

"ಎಷ್ಟು?"

"ಎರಡು ಗುಂಜಿ."

"ತಪ್ಪಿ ಆತೋ, ಬೇಕಂತ ಮಾಡಿದ್ಯೋ?"

"ಬೇಕಂತ."

ಬೈಯುತ್ತಾನೆಂದು ಕಾದೆ. ಓಣಿಯಲ್ಲಿ ಸೋಡಾ ಗಾಡಿಯ ಬಾಟಲಿಗಳ ಸದ್ದು ಕೇಳುತ್ತಿತ್ತು. ಅಪ್ಪ ಅರವನ್ನು ಕೆಳಗಿಟ್ಟು, "ಎಲ್ಲಾದಕ್ಕೂ ಸಮ ಎರಡ ಗುಂಜಿ ಏನು? ಒಂದಕ್ಕ ಎರಡು, ಒಂದಕ್ಕ ಎರಡೂವರಿ ಆಗಿಲ್ಲಲ್ಲ?" ಅಂದ.

"ಇಲ್ಲ. ಸಮ ತೂಗೇನಿ."

ಅಪ್ಪ ಚೀಟಿ ತೆಗೆಸಿ, ನನ್ನ ಕೈಲೇ ಹಳೆಯ ತೂಕ ಹೊಡೆಸಿ ಹೊಸ ತೂಕ ಬರೆಸಿದ. ಬೆಣೆಯೂ ಪತ್ತಿಗಳೂ ಆ ತೂಕಕ್ಕೇ ಆಗಿದ್ದರಿಂದ ಬೇರೇನೂ ಮಾಡಬೇಕಿರಲಿಲ್ಲ. ಆಮೇಲೆ ಹೇಳಿದ, "ತಕ್ಕಡಿನೂ ಅಳಿಯಂದಿರ ಕೈಗೆ ಕೊಡು. ನೀ ಇನ್ನ ತೂಗಬ್ಯಾಡ."

ಇದ್ದೊಂದು ಕೆಲಸವೂ ಹೋಯಿತು. ಆ ತಕ್ಕಡಿ ನಾನು ಹನ್ನೆರಡು ವರ್ಷದವಳಿದ್ದಾಗಿನಿಂದ ನನ್ನ ಗೂಡಿನಲ್ಲಿತ್ತು.

ಸಂಜೆ ಇವರಿಗೂ ನಾನೇ ಹೇಳಿದೆ. ಅಪ್ಪ ಹೇಳುವ ಮೊದಲು ಹೇಳಬೇಕೆನಿಸಿತು. ಇವರು ಕೇಳಿ, ಅಂಗಿಯ ಒಳಗೆ ಕೈಹಾಕಿ ಹೆಗಲು ಮುಟ್ಟಿಕೊಂಡರು.

"ಹಂಗಾದ್ರ ನಾ ಸಡಿಲ ಹಿಡದಿದ್ದಿಲ್ಲ," ಅಂದರು.

"ಇಲ್ಲ."

"ಅಷ್ಟ ಉಪ್ಪಿನ ಶಾಖಾ ಕೊಟ್ಟೆಲ್ಲ, ಆವಾಗರೆ ಹೇಳಬಾರದಾಗಿತ್ತೇನು?"

ಇವರು ಗುರುವಾರ ತೂಗಿ ತುಂಬಿದರು, ನಾನು ಬಾಗಿಲ ಸಂದಿಯಿಂದ ನೋಡಿದೆ. ಫ್ಯಾನ್ ನಿಲ್ಲಿಸಲು ಮರೆತಿದ್ದರು. ನಾನೇ ಹೋಗಿ ನಿಲ್ಲಿಸಿ ಬಂದೆ. ಹನ್ನೆರಡು ದಿನ ಇವರು ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ಹದಿಮೂರನೆಯ ದಿನ ಸಾಹೇಬರು ಬುಟ್ಟಿ ತುಂಬ ದ್ರಾಕ್ಷಿ ತಂದರು. ಹುಲಿ ಸತ್ತಿತ್ತು. ಎರಡೂ ಗುಂಡು ಹಾರಿಸಿದೆ, ಎರಡೂ ಬೇಕಾದವು ಎಂದರು. ನಾನು ಒಳಗೆ ಹೋಗಿ ಗೋಡೆಗೆ ಹಣೆ ಹಚ್ಚಿ ಅತ್ತೆ. ಇವರು ಹಿಂದೆ ಬಂದು, "ಆತು ಬಿಡು, ಬಾ, ದ್ರಾಕ್ಷಿ ತಿನ್ನು," ಅಂದರು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಅಪ್ಪ ಸಾಹೇಬರ ಒಪ್ಪಿಗೆ ಕೇಳಿ ನನ್ನನ್ನೇ ಮಾದಾಪುರಕ್ಕೆ ಕರೆದುಕೊಂಡು ಹೋದ. ಸಾಹೇಬರೂ ಇದ್ದರು. ಅದೇ ಬಂದೂಕನ್ನು ನನ್ನ ಕೈಗೆ ಕೊಟ್ಟು, "ಹಾರ್ಸು," ಅಂದ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಕಂಬಕ್ಕೆ ಒರಗಿದೆ. ಮೊದಲ ಗುಂಡಿಗೆ ಯಾರೋ ಹೆಗಲಿಗೆ ಒನಕೆಯಿಂದ ಕುಟ್ಟಿದಂತಾಯಿತು. ಎರಡನೆಯದನ್ನೂ ಹಾರಿಸಿದೆ. ಕಾಗದ ನೋಡಲು ನಾನೇ ಓಡಿದೆ. ಕೆಂಪಿಗೂ ನೀಲಿಗೂ ಹೆಚ್ಚುಕಡಿಮೆ ಒಂದು ಗೇಣು.

"ನಿನ್ನ ತಪ್ಪಲ್ಲ," ಅಂದ ಅಪ್ಪ. "ನಿನ್ನ ಮೈ ಹಗುರ. ಬಂದೂಕು ನಿನ್ನ ಹೆಚ್ಚಿಗಿ ತಳ್ಳತೈತಿ. ಇಂಥಾ ಬಂದೂಕಿನ ಮಾಲಕರೆಲ್ಲ ಭಾರಿ ಆಳು. ಅವರಂಥಾ ಹೆಗಲಿನಿಂದ ಕೂಡಿಸಿದ್ರ ಅವರ ಕೈಯಾಗ ಸರಿ ನಡೀತೈತಿ. ಅದಕ್ಕ ನಿನ್ನ ಗಂಡನ್ನ ನಿಂದರಿಸಿದೆ."

"ಇದನ್ನ ಮದಲ ಹೇಳಬಾರದಾಗಿತ್ತೇನಪಾ?"

"ನೀ ಕೇಳಲಿಲ್ಲಲ್ಲ, ಯವ್ವಾ."

ಅದು ನಿಜವಾದ ಕಾರಣವೇ ಆಗಿರಬಹುದು. ಆದರೆ ಹೆಗಲಿಗಾದರೆ ಭಾರ ಬೇಕು ಸರಿ, ಬೆಸುಗೆಯ ಬಣ್ಣ ತಿಳಿಯುವುದಕ್ಕೆ ಯಾವ ಭಾರ ಬೇಕು? ಅದನ್ನು ಯಾಕೆ ನನಗೆ ಕಲಿಸಲಿಲ್ಲ? ಅದನ್ನೂ ನಾನು ಕೇಳಲಿಲ್ಲ. ಎರಡು ದಿನ ಕೈ ಎತ್ತಲಾಗಲಿಲ್ಲ. ಕನ್ನಡಿಯ ಮುಂದೆ ನಿಂತು ಕುಪ್ಪಸ ಸರಿಸಿ ಹೆಗಲಿನ ಕಲೆಯನ್ನು ದಿನಕ್ಕೆ ನಾಲ್ಕು ಸಲ ನೋಡಿಕೊಂಡೆ.

ಕೆಲವು ವರ್ಷಕ್ಕೆ ಕಾನೂನು ಬಂದು ಬೇಟೆಯೇ ಬಂದ್ ಆಯಿತು. ದುನಾಲಿಗಳು ಗೋಡೆ ಏರಿದವು, ಅಂಗಡಿ ಮುಚ್ಚಿತು. ಅಪ್ಪನಿಗೆ ಪೂರ್ತಿ ಕಣ್ಣು ಹೋಯಿತು. ಇವರು ಕಾರ್ಖಾನೆಯಿಂದ ಬಂದು ಅಪ್ಪನಿಗೆ ಪೇಪರ್ ಓದಿ ಹೇಳುತ್ತಿದ್ದರು, ಇಬ್ಬರೂ ನಗುತ್ತಿದ್ದರು. ನನಗೆ ಎರಡು ಮಕ್ಕಳಾಗಿದ್ದರೂ ಆ ನಗು ಕೇಳಿದರೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಇಟ್ಟಂತಾಗುತ್ತಿತ್ತು.

ಅಪ್ಪ ತೀರಿಕೊಂಡ ತಿಂಗಳಿಗೆ ಇವರು ಹೇಳಿದರು, "ಮಾವಾರು ನಿನ್ನ ಬಗ್ಗೆ ಒಂದು ಮಾತು ಅಂದಿದ್ರು. ಹೇಳ್ಲೇನು?"

"ಬ್ಯಾಡ," ಅಂದೆ. "ನನ್ನಪ್ಪನ ಮಾತು ನಿಮ್ಮ ಬಾಯಿಂದ ಕೇಳಿದ್ದು ಸಾಕಾಗೈತಿ."

ಇವರು ಮತ್ತೆ ಆ ಮಾತು ಎತ್ತಲಿಲ್ಲ. ನಾನು ಮಾತ್ರ ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ, ಏನಂದಿರಬಹುದು ಎಂದು ಯೋಚಿಸುತ್ತಿದ್ದೆ. ಬಿಗುಮಾನ ಬಿಡಲು ಹದಿನೆಂಟು ವರ್ಷ ಹಿಡಿಯಿತು. ಇವರು ರಿಟೈರಾಗಿ ಮನೆಯಲ್ಲಿ ಕೂತಿದ್ದ ಒಂದು ಮಧ್ಯಾಹ್ನ, ಬಟಾಣಿ ಸುಲಿಯುತ್ತ, ಸಹಜವೆಂಬಂತೆ ಕೇಳಿದೆ, "ಅಪ್ಪ ನನ್ನ ಬಗ್ಗೆ ಏನೋ ಅಂದಿದ್ನಂತಲ್ಲ, ಏನದು?"

ಇವರು ಕನ್ನಡಕ ತೆಗೆದು ಬಹಳ ಹೊತ್ತು ಸೂರು ನೋಡಿದರು. ನಿಜವಾಗಿಯೂ ಪ್ರಯತ್ನಪಟ್ಟರು, ಅದು ನನಗೆ ಕಾಣುತ್ತಿತ್ತು.

"ಏನೋ ಚಲೋ ಮಾತ ಅಂದಿದ್ರು," ಅಂದರು ಕೊನೆಗೆ. "ಏನಂತ ಮರತಬಿಟ್ಟೆ ನೋಡು."

ನನಗೆ ಬಂದ ಸಿಟ್ಟಿಗೆ ಬಟಾಣಿ ತಾಟು ಅವರ ಮುಂದೆ ಕುಕ್ಕಿ, "ಉಳಿದದ್ದು ನೀವ ಸುಲೀರಿ," ಎಂದು ಎದ್ದು ಹೋದೆ. ಇವರು ಸುಲಿದರು.